ಪಣಜಿಯಲ್ಲಿ ನಾಲ್ಕು ರಾತ್ರಿ, ಇಬ್ಬರು ರೋಗಿಗಳು

ಭಾನುವಾರ

ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಯಾರಾದರೂ "ಗೋವಾಕ್ಕೆ ಹೋಗಿದ್ದೆ" ಅಂದರೆ ಎರಡೇ ಅರ್ಥ. ಇಪ್ಪತ್ತರ ಹುಡುಗ ಹೇಳಿದರೆ ಬೀಚು. ಅರವತ್ತು ದಾಟಿದವರು ಹೇಳಿದರೆ ಬಾಂಬೋಳಿ. ಬಾಂಬೋಳಿ ಅಂದರೆ ಗೋವಾ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇರುವ ಗುಡ್ಡ. ನನ್ನ ಸೋದರಮಾವನಿಗೆ ಅರವತ್ತೆಂಟು. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಈಗ ತಪಾಸಣೆಗೆ ಬಾಂಬೋಳಿಗೇ ಹೋಗಬೇಕು ಅಂತ ಹಟ.

"ತಮಾ, ನೀನು ರಜೆ ಹಾಕು. ಸೋಮವಾರ ತೋರಿಸಿ ಬಿಡೋಣ. ಆಮೇಲೆ ನೀನು ಬೇಕಾದ್ದು ನೋಡು" ಅಂದರು. ನಾನು ಹಳೇ ಊರು, ಹಳೇ ಕಟ್ಟಡ ಅಂದರೆ ಸಾಯುವವನು. ಐದು ದಿನ ರಜೆ ಹಾಕಿಬಿಟ್ಟೆ. ಅತ್ತೆ ಮಾತ್ರೆ ಡಬ್ಬಿ ಕೊಡುವಾಗ ನನ್ನ ಕೈಗೇ ಕೊಟ್ಟರು, ಮಾವನ ಕೈಗಲ್ಲ.

ಬೆಳಿಗ್ಗೆ ಕುಮಟಾ ಬಿಟ್ಟೆವು. ಕಾರವಾರದಲ್ಲಿ ಕಾಳಿ ನದಿ ದಾಟುವಾಗ ಮಾವ ಕಿಟಕಿ ಇಳಿಸಿ ನೋಡಿದರು. ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಮಧ್ಯರಾತ್ರಿ ಕುಸಿದು ಲಾರಿಯೊಂದು ನೀರಿಗೆ ಬಿದ್ದಿತ್ತಲ್ಲ, ಅದೇ ಜಾಗ. ಮೀನುಗಾರರೂ ಪೊಲೀಸರೂ ಸೇರಿ ಚಾಲಕನನ್ನು ಉಳಿಸಿದ್ದರು. ಅಲ್ಲಿಂದ ಪಣಜಿಗೆ ಸುಮಾರು ನೂರು ಕಿಲೋಮೀಟರ್. ಇದೇ ದಾರಿಯಲ್ಲಿ ಎಷ್ಟು ಆಂಬ್ಯುಲೆನ್ಸ್ ಹೋಗುತ್ತವೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, ನಿಜ. ಆದರೆ ತಲೆಗೆ ಪೆಟ್ಟು, ಹೃದಯದ ತೊಂದರೆ ಅಂದ ಕೂಡಲೇ ಇಂದಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾ. 2022ರ ಜುಲೈನಲ್ಲಿ ಹೊನ್ನಾವರದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್ ಗೇಟ್‌ನಲ್ಲಿ ಉರುಳಿದ ಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ಕೂಗೆದ್ದಿತು! ಆ ವಿಷಯ ತೆಗೆದರೆ ಮಾವನ ಬಿಪಿ ಏರುತ್ತದೆ. ನಾನು ರೇಡಿಯೋ ಹಾಕಿದೆ.

ಪೋಳೆ ಗಡಿ, ಕಾಣಕೋಣ, ಮಡಗಾಂವ್. ಹೊಸ ಝುವಾರಿ ಸೇತುವೆಯ ಮೇಲೆ ಕಾರು ಹತ್ತಿದಾಗ ಮಾವ ಮೊದಲ ಸಲ ಮಾತು ನಿಲ್ಲಿಸಿದರು. ಮೇಲೆ ದಪ್ಪ ದಪ್ಪ ಕೇಬಲ್ಲುಗಳು, ಕೆಳಗೆ ಅಗಲವಾದ ನದಿ.

ಪಣಜಿಯಲ್ಲಿ ಮೊದಲ ಎಡವಟ್ಟು. ನಾನು ಮೊಬೈಲಿನಲ್ಲಿ ಹೊಟೇಲ್ ಬುಕ್ ಮಾಡುವಾಗ "ಹೃದಯದ ರೋಗಿ ಇದ್ದಾರೆ, ನೆಲಮಹಡಿ ಬೇಕು" ಅಂತ ಬರೆದಿದ್ದೆ. "ಖಂಡಿತ ಸರ್" ಅಂತ ಉತ್ತರವೂ ಬಂದಿತ್ತು. ಹೋಗಿ ನೋಡಿದರೆ ಮೂರನೇ ಮಹಡಿ, ಲಿಫ್ಟ್ ಕೆಟ್ಟಿದೆ. ಕೌಂಟರಿನ ಹುಡುಗ ಕಂಪ್ಯೂಟರಿನಿಂದ ಕಣ್ಣೆತ್ತದೆ "ಸಿಸ್ಟಂನಲ್ಲಿ ಹಾಗೆ ತೋರಿಸ್ತಾ ಇಲ್ಲ ಸರ್" ಅಂದ. ಮಾವ ಬ್ಯಾಗಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಒಂದು ಲೋಟ ನೀರು ಯಾರೂ ಕೊಡಲಿಲ್ಲ. ಮುಂಗಡ ಕೊಟ್ಟ ಹಣ ಹೋಯಿತು. ಹೋಗಲಿ.

ಹೊರಗೆ ಬಂದು ಟ್ಯಾಕ್ಸಿಯವನನ್ನು ಕೇಳಿದೆವು. ಮಾವ ಕಾರವಾರದ ಕೊಂಕಣಿಯಲ್ಲಿ ತಮ್ಮ ಕಥೆ ಪೂರ್ತಿ ಹೇಳಿದರು, ಸ್ಟೆಂಟ್ ಸಮೇತ. ಅವನು ಪಣಜಿಯ ಹಳೇ ಬಡಾವಣೆ ಫೊಂಟಾನ್ಯಸ್ ಕಡೆ ಕರೆದುಕೊಂಡು ಹೋಗಿ ಒಂದು ಹಳೇ ಮನೆಯ ಮುಂದೆ ನಿಲ್ಲಿಸಿದ. ಅದು ಹೊಟೇಲ್ ಅಲ್ಲ, ಆರು ಕೋಣೆಯ ಗೆಸ್ಟ್ ಹೌಸ್. ಒಡತಿಗೆ ಎಪ್ಪತ್ತರ ಮೇಲಿರಬೇಕು. ನಾವು ಆಂಟಿ ಅಂತಲೇ ಕರೆದೆವು. ಬಾಗಿಲ ಮುಂದೆ ಎರಡೂ ಕಡೆ ಕಲ್ಲಿನ ಆಸನ ಕಟ್ಟಿದ ಜಗಲಿ. ಗೋವಾದವರು ಅದಕ್ಕೆ ಬಾಲ್ಕಾಂವ್ ಅನ್ನುತ್ತಾರೆ. ಆಂಟಿ ಮಾವನ ಮುಖ ನೋಡಿದವರೇ ಮೊದಲು ನೀರು ತಂದರು, ಆಮೇಲೆ ಹೆಸರು ಕೇಳಿದರು. ಬಾಡಿಗೆ ಮಾತು ಬಂದದ್ದು ಚಹಾ ಮುಗಿದ ಮೇಲೆ.

ಕೋಣೆ ನೆಲಮಹಡಿ. ಕಿಟಕಿಗೆ ಗಾಜಿನ ಬದಲು ತೆಳುವಾದ ಚಿಪ್ಪಿನ ಬಿಲ್ಲೆಗಳು. ಸಂಜೆ ಬಿಸಿಲು ಅದರಿಂದ ಹಾಲಿನ ಹಾಗೆ ಒಳಗೆ ಬರುತ್ತಿತ್ತು. ಮಾವ ಮಲಗಿ "ಇದು ಅಡ್ಡಿಲ್ಲ" ಅಂದರು. ಅವರ ಬಾಯಲ್ಲಿ ಅದು ಐದು ಸ್ಟಾರ್.

ಸೋಮವಾರ

ಐದೂವರೆಗೇ ಎಚ್ಚರ. ಬೀದಿಯಲ್ಲಿ ಪೊಂಯ್ ಪೊಂಯ್ ಅಂತ ಹಾರ್ನ್. ಸೈಕಲ್ ಮೇಲೆ ಬಿದಿರಿನ ಬುಟ್ಟಿ ಕಟ್ಟಿಕೊಂಡು ಪೊದೇರ್ ಬಂದಿದ್ದ. ಪೊದೇರ್ ಅಂದರೆ ರೊಟ್ಟಿ ಮಾರುವವನು. ಪಾವ್, ಉಂಡೊ, ತವುಡಿನ ಪೊಯ್ ಎಲ್ಲ ಇನ್ನೂ ಬಿಸಿ. ಆಂಟಿ ಮಾವನಿಗೆ ಪೊಯ್ ಮಾತ್ರ ಕೊಟ್ಟರು. "ಮೈದಾ ನಿನಗೆ ಬೇಡ" ಅಂತ ಕೊಂಕಣಿಯಲ್ಲಿ ಗದರಿದರು. ಪರಿಚಯವಾಗಿ ಹದಿನಾಲ್ಕು ಗಂಟೆಯೂ ಆಗಿಲ್ಲ! ಮಾವ ಸುಮ್ನೆ ತಿಂದರು. ಮನೆಯಲ್ಲಿ ಅತ್ತೆ ಹೇಳಿದರೆ ಒಂದು ಗಂಟೆ ವಾದ.

ಬಾಂಬೋಳಿ ಪಣಜಿಯಿಂದ ಹೆದ್ದಾರಿಯಲ್ಲಿ ಹತ್ತು ಹದಿನೈದು ನಿಮಿಷದ ದಾರಿ. ಚೀಟಿ ಮಾಡಿಸುವ ಸಾಲಿನಲ್ಲಿ ನಿಂತರೆ ಮೂರು ಭಾಷೆ ಕಿವಿಗೆ ಬಿತ್ತು. ಹಿಂದೆ ಬೆಳಗಾವಿ ಕಡೆಯ ಕನ್ನಡ, ಮುಂದೆ ಸಿಂಧುದುರ್ಗದ ಮಾಲ್ವಣಿ, ಪಕ್ಕದಲ್ಲಿ ನಮ್ಮದೇ ಕಾರವಾರದ ಮಾತು. ಮೊದಲೆಲ್ಲ ಇಲ್ಲಿ ಯಾರಿಗೂ ದುಡ್ಡಿಲ್ಲದೆ ಚಿಕಿತ್ಸೆ ಸಿಗುತ್ತಿತ್ತು. 2018ರ ಜನವರಿಯಿಂದ ಗೋವಾದವರಲ್ಲದವರಿಗೆ ಶುಲ್ಕ ಹಾಕಿದ್ದಾರೆ. ನಮ್ಮ ಕಡೆ ಆಗ ಬಹಳ ಬೇಜಾರಾಗಿತ್ತು. ನನಗೆ ಮಾತ್ರ ಅದರಲ್ಲಿ ಸಿಟ್ಟಾಗುವಂಥದ್ದು ಏನೂ ಕಾಣುವುದಿಲ್ಲ. ಪಕ್ಕದ ಮನೆಯವರು ದಿನಾ ಊಟಕ್ಕೆ ಕರೆಯಬೇಕು ಅಂತ ನಾವು ಕೂರುವುದು ಹೇಗೆ? ನಮ್ಮ ಒಲೆ ಹಚ್ಚದೇ ಇದ್ದವರನ್ನು ಕೇಳಬೇಕು.

ಇಸಿಜಿ ಆಯಿತು. ಎಕೋಗೆ ನಾಳೆ ಬನ್ನಿ ಅಂದರು. ಕಿರಿಯ ಡಾಕ್ಟರಮ್ಮ ಮಾವನ ಹಳೇ ಕಾಗದಗಳನ್ನು ಒಂದೊಂದೇ ತಿರುಗಿಸಿ ಓದಿದರು. ಸಾಲು ಅಷ್ಟುದ್ದ ಇದ್ದರೂ ಓದಿದರು. ಮಾವ ಅದನ್ನೇ ದಿನವಿಡೀ ಹೇಳಿದರು.

ಸಂಜೆ ಮಾವ ಮಲಗಿದರು. ನಾನು ಪೇಟೆಗೆ ಹೊರಟೆ. ಪಣಜಿಯ ಬಿಳಿ ಚರ್ಚು, ಅದರ ಅಂಕುಡೊಂಕು ಮೆಟ್ಟಿಲು ಎಲ್ಲರಿಗೂ ಗೊತ್ತು. ಅಲ್ಲಿಂದ ಸ್ವಲ್ಪ ಕೆಳಗೆ ಒಂದು ಪಾರ್ಕ್ ಇದೆ. ಮುದುಕರು ಕೂತು ಹರಟುತ್ತಿರುತ್ತಾರೆ. ಅದರ ಹೆಸರು ಗಾರ್ಸಿಯಾ ದ ಓರ್ಟಾ ಉದ್ಯಾನ. ಈ ಓರ್ಟಾ ಒಬ್ಬ ವೈದ್ಯ. 1534ರಲ್ಲಿ ಪೋರ್ಚುಗಲ್‌ನಿಂದ ಗೋವಾಕ್ಕೆ ಬಂದು ಇಲ್ಲೇ ಉಳಿದ. ಗವರ್ನರುಗಳಿಗೂ ಮದ್ದು ಕೊಟ್ಟ, ಅಹಮದ್‌ನಗರದ ನಿಜಾಮ್ ಶಾಹನಿಗೂ ಕೊಟ್ಟ. 1563ರಲ್ಲಿ ಇಲ್ಲಿಯ ಗಿಡಮೂಲಿಕೆ, ಮಸಾಲೆಗಳ ಬಗ್ಗೆ ಪುಸ್ತಕ ಬರೆದು ಗೋವಾದಲ್ಲೇ ಅಚ್ಚು ಹಾಕಿಸಿದ. ಯುರೋಪಿನಿಂದ ಆಗಷ್ಟೇ ಬಂದ ಒಬ್ಬ ಡಾಕ್ಟರು ಪ್ರಶ್ನೆ ಕೇಳುತ್ತಾನೆ, ಓರ್ಟಾ ಉತ್ತರ ಕೊಡುತ್ತಾನೆ. ಇಬ್ಬರು ಗೆಳೆಯರ ಹರಟೆಯ ಹಾಗಿದೆ.

ಅದರಲ್ಲಿ ಇಂಗಿನ ವಿಷಯ ಬಂದಾಗ ನಮ್ಮ ವಿಜಯನಗರ ಬರುತ್ತದೆ. ಒಬ್ಬ ಪೋರ್ಚುಗೀಸನ ಹತ್ತಿರ ಬೆಲೆಬಾಳುವ ಕುದುರೆ ಇತ್ತು. ಆದರೆ ಅದಕ್ಕೆ ವಿಪರೀತ ವಾಯು. ರಾಜ ಬೇಡ ಅಂದ. ಅವನು ಹಿಟ್ಟಿನಲ್ಲಿ ಇಂಗು ಕಲಸಿ ತಿನ್ನಿಸಿ ಗುಣಮಾಡಿದ. ರಾಜ ಒಳ್ಳೇ ಬೆಲೆ ಕೊಟ್ಟು ಕೊಂಡು, ಹೇಗೆ ವಾಸಿಯಾಯಿತು ಅಂತ ಕೇಳಿದನಂತೆ. ಇಂಗು ಅಂದಾಗ, ಅದರಲ್ಲೇನು ಆಶ್ಚರ್ಯ, ನೀನು ಕೊಟ್ಟಿದ್ದು ದೇವರ ಆಹಾರ ಅಂದನಂತೆ ರಾಜ. ಆ ಪೋರ್ಚುಗೀಸ ಮಾತ್ರ ತನ್ನ ಭಾಷೆಯಲ್ಲಿ ಮೆತ್ತಗೆ, ದೆವ್ವದ ಆಹಾರ ಅಂತ ಗೊಣಗಿಕೊಂಡನಂತೆ. ಇಂಗಿನ ಒಗ್ಗರಣೆ ಇಲ್ಲದೆ ಊಟ ಇಳಿಯದ ಮಾವನಿಗೆ ಈ ಕಥೆ ಹೇಳಿದಾಗ ಎದೆ ಹಿಡಿದುಕೊಂಡು ನಕ್ಕರು. ನನಗೆ ಭಯವಾಯಿತು.

ಓರ್ಟಾನ ಕೊನೆ ಮಾತ್ರ ನಗುವಂಥದ್ದಲ್ಲ. ಅವನ ಮನೆತನ ಬಲವಂತಕ್ಕೆ ಕ್ರೈಸ್ತರಾದ ಯಹೂದಿಗಳದು. ಅವನು 1568ರಲ್ಲಿ ತೀರಿಕೊಂಡ. ಮಾರನೇ ವರ್ಷವೇ ಇನ್‌ಕ್ವಿಸಿಶನ್‌ನವರು, ಅಂದರೆ ಚರ್ಚಿನ ಧರ್ಮವಿಚಾರಣೆಯ ಕೋರ್ಟಿನವರು, ಅವನ ತಂಗಿಯನ್ನು ಸುಟ್ಟರು. 1580ರಲ್ಲಿ ಅವನ ಮೂಳೆಗಳನ್ನು ಸಮಾಧಿಯಿಂದ ಅಗೆದು ತೆಗೆದು ಸುಟ್ಟರು. ಊರಿನ ಜನಕ್ಕೆ ಮದ್ದು ಕೊಟ್ಟವನಿಗೆ ಊರು ಕೊಟ್ಟ ಮರ್ಯಾದೆ ಇದು. ಪಾರ್ಕಿಗೆ ಹೆಸರಿಟ್ಟದ್ದು ಎಷ್ಟೋ ಕಾಲದ ಮೇಲೆ.

ನದಿ ದಂಡೆಯಲ್ಲಿ ಕಾಂಪಾಲ್ ಕಡೆ ನಡೆದರೆ ಹಳೇ ಮೆಡಿಕಲ್ ಕಾಲೇಜಿನ ಕಟ್ಟಡ. ಪೋರ್ಚುಗೀಸರು 1842ರಲ್ಲಿ ಇಲ್ಲಿ ವೈದ್ಯಕೀಯ ಶಾಲೆ ಶುರು ಮಾಡಿದರು. ಕಲ್ಕತ್ತಾ, ಮದರಾಸಿನಲ್ಲಿ ಬ್ರಿಟಿಷರು ತೆರೆದದ್ದು 1835ರಲ್ಲಿ. ಇಲ್ಲಿ ಓದಿದ ಗೋವಾದ ಹುಡುಗರು ಮೊಜಾಂಬಿಕ್, ಅಂಗೋಲಾಕ್ಕೆಲ್ಲ ಡಾಕ್ಟರಾಗಿ ಹೋದರು. ಆದರೆ ಪೋರ್ಚುಗಲ್‌ನಲ್ಲೇ ವೃತ್ತಿ ಮಾಡಬೇಕು ಅಂದರೆ ಅಲ್ಲಿ ಮತ್ತೆ ಓದಬೇಕಿತ್ತು. ಆಫ್ರಿಕದ ಜ್ವರಕ್ಕೆ ಸಾಕು, ಲಿಸ್ಬನ್ನಿನ ಜ್ವರಕ್ಕೆ ಸಾಲದು! ಈ ಶಾಲೆಯ ಮುಖ್ಯಸ್ಥರಾಗಿದ್ದ ಫ್ರೊಯ್ಲಾನೊ ದ ಮೆಲ್ಲೊ ಸೂಕ್ಷ್ಮಜೀವಿ ವಿಜ್ಞಾನಿ. ಪಣಜಿಯ ಮೇಯರ್ ಕೂಡ ಆಗಿದ್ದರು. ಮಲೇರಿಯಾ ವಿರುದ್ಧ ಅವರು ಮಾಡಿದ ಕೆಲಸ ದೊಡ್ಡದು. ಗೋವಾ ಬಿಡುಗಡೆಯಾದ ಮೇಲೆ, 1963ರಲ್ಲಿ ಶಾಲೆ ಗೋವಾ ಮೆಡಿಕಲ್ ಕಾಲೇಜಾಯಿತು, ಮುಂದೆ ಬಾಂಬೋಳಿಗೆ ಹೋಯಿತು. ಈಗ ಈ ಕಟ್ಟಡ ಸಿನಿಮಾದವರದು. 2004ರಿಂದ ಅಂತರರಾಷ್ಟ್ರೀಯ ಚಿತ್ರೋತ್ಸವ ಇಲ್ಲೇ ನಡೆಯುತ್ತದೆ. ವಾರ್ಡುಗಳಿದ್ದ ಕಡೆ ಟಿಕೆಟಿಗೆ ಕ್ಯೂ.

ಮಂಗಳವಾರ

ಎಕೋ ಬೇಗ ಮುಗಿಯಿತು. ಹೃದಯ ಚೆನ್ನಾಗಿ ಪಂಪ್ ಮಾಡುತ್ತಿದೆ ಅಂದರು. ಒಂದು ಮಾತ್ರೆ ಕಡಿಮೆ, ಒಂದರ ಡೋಸ್ ಬದಲು. ಮಾವ ಹೊರಗೆ ಬಂದು ಅತ್ತೆಗೆ ಫೋನ್ ಮಾಡಿ ಇಪ್ಪತ್ತರ ಹುಡುಗನ ಹಾಗೆ ಮಾತಾಡಿದರು. ಹತ್ತೂವರೆಗೆ ನಾವಿಬ್ಬರೂ ಸ್ವತಂತ್ರರು. ಹಳೇ ಗೋವಾಕ್ಕೆ ಹೊರಟೆವು.

ಬಾಂ ಜೇಸುಸ್ ಬೆಸಿಲಿಕಾ, ಸೆ ಕೆಥೆಡ್ರಲ್ ಬಗ್ಗೆ ಬರೆಯುವುದಿಲ್ಲ. ಅದನ್ನು ಎಲ್ಲರೂ ಬರೆದಿದ್ದಾರೆ. ನಾನು ಹುಡುಕುತ್ತಿದ್ದದ್ದು ಈಗ ಇಲ್ಲದ ಕಟ್ಟಡ. ಪೋರ್ಚುಗೀಸ್ ದಳಪತಿ ಆಲ್ಬುಕರ್ಕ್ 1510ರ ನವೆಂಬರಿನಲ್ಲಿ ಬಿಜಾಪುರದ ಆದಿಲ್‌ಶಾಹಿಯವರಿಂದ ಈ ಊರು ಕಸಿದುಕೊಂಡ ಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಆಸ್ಪತ್ರೆ ಒಂದು. ಲಿಸ್ಬನ್ನಿನಿಂದ ಇಲ್ಲಿಗೆ ಆರು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ ಹಡಗಿನ ದಾರಿ. ಹಸಿ ತರಕಾರಿ ಇಲ್ಲ, ಹಣ್ಣಿಲ್ಲ. ಒಸಡು ಕೊಳೆತು, ಕಾಲು ಊದಿ, ಅರ್ಧ ಸತ್ತು ಇಳಿಯುತ್ತಿದ್ದರು ಸಿಪಾಯಿಗಳು. ಹಡಗು ಬಂತು ಅಂದರೆ ಆಸ್ಪತ್ರೆ ತುಂಬಿತು ಅಂತಲೇ ಅರ್ಥ. ಹಾಗಾಗಿ ನದಿ ದಂಡೆಯಲ್ಲೇ ರಾಜನ ಆಸ್ಪತ್ರೆ ಕಟ್ಟಿದರು.

1608ರಲ್ಲಿ ಪಿರಾರ್ದ್ ಎಂಬ ಫ್ರೆಂಚ್ ನಾವಿಕ ಕಾಯಿಲೆ ಬಿದ್ದು ಇಲ್ಲಿಗೆ ಬಂದ. ಅದಕ್ಕೂ ಮೊದಲು ಮಾಲ್ಡೀವ್ಸ್‌ನಲ್ಲಿ ಹಡಗು ಒಡೆದು ವರ್ಷಗಟ್ಟಲೆ ಅಲ್ಲಿ ಸಿಕ್ಕಿಬಿದ್ದಿದ್ದ. ಕಟ್ಟಡ ನೋಡಿ ಇದು ಆಸ್ಪತ್ರೆ ಅಂತ ನಂಬಲೇ ಇಲ್ಲ, ಅರಮನೆ ಇರಬೇಕು ಅಂದುಕೊಂಡನಂತೆ. ಬಾಗಿಲ ಮೇಲೆ ಬರೆದದ್ದು ಓದಿದ ಮೇಲೆ ನಂಬಿದ್ದು. ಒಳಗೆ ಅರಗು ಬಳಿದ ಚಂದದ ಮಂಚಗಳು. ಹತ್ತಿಯ ಹಾಸಿಗೆ, ಬಿಳಿ ಹೊದಿಕೆ. ಕ್ಷೌರ ಮಾಡಿ, ಮೀಯಿಸಿ, ಹೊಸ ಬಟ್ಟೆ ಕೊಟ್ಟರು. ಕುಡಿಯುವ ನೀರು, ಬೀಸಣಿಗೆ ಪಕ್ಕದಲ್ಲೇ. ಊಟಕ್ಕೆ ಕೋಳಿ, ಅದೂ ಬೆಳ್ಳಿ ಪಾತ್ರೆಯಲ್ಲಿ. ವೈದ್ಯರು ದಿನಕ್ಕೆ ಎರಡು ಸಲ ಬಂದು ನೋಡುತ್ತಿದ್ದರು. ಅವನ ಮಾತು ಓದಿದರೆ ಆಸ್ಪತ್ರೆಯ ವರ್ಣನೆಯೋ ದೊಡ್ಡ ಹೊಟೇಲಿನ ಜಾಹೀರಾತೋ ತಿಳಿಯುವುದಿಲ್ಲ. ಆಗ ಅದನ್ನು ನಡೆಸುತ್ತಿದ್ದವರು ಜೆಸ್ಯೂಟ್ ಪಾದ್ರಿಗಳು.

ಕನ್ನಡದಲ್ಲಿ ನಾವು ಎರಡಕ್ಕೂ ಒಂದೇ ಮಾತು ಬಳಸುತ್ತೇವೆ, ಗಮನಿಸಿದ್ದೀರಾ? ನೆಂಟರಿಗೂ ಉಪಚಾರ, ರೋಗಿಗೂ ಉಪಚಾರ. ಮಾವನಿಗೆ ಹೇಳಿದೆ. "ಹೌದಲ್ಲ ಮಾರಾಯ, ಮೊನ್ನೆ ಆ ಲಿಫ್ಟಿಲ್ಲದ ಹೊಟೇಲಿನವನಿಗೆ ಎರಡೂ ಗೊತ್ತಿರಲಿಲ್ಲ" ಅಂದರು.

ಆದರೆ ಆ ಬೆಳ್ಳಿ ತಟ್ಟೆ ಎಲ್ಲರಿಗೂ ಅಲ್ಲ. ರಾಜನ ಆಸ್ಪತ್ರೆ ಪೋರ್ಚುಗೀಸ್ ಸಿಪಾಯಿಗಳಿಗೆ. ಸ್ಥಳೀಯ ಕ್ರೈಸ್ತರಿಗೆ ಬೇರೆ ಆಸ್ಪತ್ರೆ, ಕುಷ್ಠರೋಗಿಗಳಿಗೆ ಇನ್ನೊಂದು. ಅವನ್ನು ಮಿಸೆರಿಕಾರ್ಡಿಯಾ ಎಂಬ ಧರ್ಮಸಂಸ್ಥೆ ನೋಡಿಕೊಳ್ಳುತ್ತಿತ್ತು. ಉಳಿದ ಜನ ತಮ್ಮ ವೈದ್ಯರ ಹತ್ತಿರವೇ ಹೋಗುತ್ತಿದ್ದರು. ತಮಾಷೆ ಏನೆಂದರೆ, ದೊಡ್ಡವರೂ ಅಲ್ಲಿಗೇ ಹೋಗುತ್ತಿದ್ದರು. 1567ರಲ್ಲಿ ಚರ್ಚಿನ ಸಭೆ ಸೇರಿ ಕ್ರೈಸ್ತರು ಹಿಂದೂ ವೈದ್ಯರಿಂದ ಮದ್ದು ತೆಗೆದುಕೊಳ್ಳಬಾರದು ಅಂತ ಕಟ್ಟಳೆ ಮಾಡಿತು. ಅದಾಗಿ ಇಪ್ಪತ್ತು ವರ್ಷ ಆಗಿರಲಿಲ್ಲ, ಆರ್ಚ್‌ಬಿಷಪ್ಪರ ಕಚೇರಿಯಲ್ಲಿ ಕೆಲಸಕ್ಕಿದ್ದ ಲಿನ್‌ಸ್ಕೋಟನ್ ಎಂಬ ಡಚ್ಚ ನೋಡಿ ಬರೆದದ್ದು ಬೇರೆಯೇ. ಇಲ್ಲಿಯ ವೈದ್ಯರು ತಲೆ ಮೇಲೆ ಕೊಡೆ ಹಿಡಿಸಿಕೊಂಡು ಪೋರ್ಚುಗೀಸರ ಹಾಗೇ ಗತ್ತಿನಲ್ಲಿ ಓಡಾಡುತ್ತಾರೆ. ವೈಸರಾಯಿ, ಆರ್ಚ್‌ಬಿಷಪ್, ಪಾದ್ರಿಗಳು ಎಲ್ಲರೂ ತಮ್ಮ ದೇಶದ ವೈದ್ಯರಿಗಿಂತ ಇವರನ್ನೇ ಜಾಸ್ತಿ ನಂಬುತ್ತಾರೆ ಅಂತ. ಹೊಟ್ಟೆನೋವು ಬಂದಾಗ ಕಟ್ಟಳೆ ಯಾರಿಗೆ ನೆನಪಿರುತ್ತದೆ?

ಪಿರಾರ್ದ್ ಹೋಗಿ ನಲವತ್ತು ವರ್ಷದೊಳಗೆ ಆಸ್ಪತ್ರೆ ಹಾಳಾಗಿತ್ತು. ವಜ್ರದ ವ್ಯಾಪಾರಿ ತಾವೆರ್ನಿಯೆ 1641ರಲ್ಲೂ 1648ರಲ್ಲೂ ಗೋವಾಕ್ಕೆ ಬಂದವನು. ಮೊದಲು ಹೆಸರುವಾಸಿಯಾಗಿದ್ದ ಆಸ್ಪತ್ರೆ, ನಡೆಸುವವರು ಬದಲಾದ ಮೇಲೆ ಕೆಟ್ಟಿತು, ಒಳಗೆ ಹೋದ ಬಿಳಿಯರಲ್ಲಿ ಬಹಳ ಜನ ಹೊರಗೆ ಬರುವುದು ಗೋರಿಗೆ ಅಂತ ಬರೆದ. ಏನಾದರೂ ಆದರೆ ರಕ್ತ ತೆಗೆಯುವುದು. ಮೂವತ್ತು ನಲವತ್ತು ಸಲ ತೆಗೆದು ಮುಖ ಬಿಳಿಚಿಕೊಂಡ ಮೇಲೆ ಬಣ್ಣ ಬರಲಿ ಅಂತ ದಿನಕ್ಕೆ ಮೂರು ಲೋಟ ಗೋಮೂತ್ರ ಕುಡಿಸುತ್ತಿದ್ದರಂತೆ, ಹನ್ನೆರಡು ದಿನ. ಇದನ್ನು ಕೇಳಿ ಮಾವ ತಮ್ಮ ಮಾತ್ರೆ ಡಬ್ಬಿ ಮುಟ್ಟಿ ನೋಡಿಕೊಂಡರು.

ಆ ಆಸ್ಪತ್ರೆಯ ಗುರುತು ನನಗೆ ಸಿಗಲಿಲ್ಲ. ವೈಸರಾಯಿಯ ಕಮಾನಿನ ಹತ್ತಿರ ನದಿಗೆ ಮುಖ ಮಾಡಿ ಸುಮಾರು ಹೊತ್ತು ನಿಂತೆವು. ತೆಂಗಿನ ಮರ, ಹುಲ್ಲು, ದೀವರ್ ದ್ವೀಪಕ್ಕೆ ಹೋಗುವ ಫೆರಿ. ಊರೇ ಹೋಯಿತಲ್ಲ, ಆಸ್ಪತ್ರೆ ಎಲ್ಲಿ ಉಳಿದೀತು. ಕೆಟ್ಟ ನೀರು, ಕಾಲರಾ, ಮಲೇರಿಯಾ. ಜನ ಬಿಟ್ಟು ಹೋದರು. 1759ರಲ್ಲಿ ವೈಸರಾಯಿ ಪಣಜಿಯಲ್ಲಿದ್ದ ಆದಿಲ್‌ಶಾಹನ ಹಳೇ ಅರಮನೆಗೆ ಮನೆ ಬದಲಿಸಿದ. 1843ರಲ್ಲಿ ಪಣಜಿಯೇ ರಾಜಧಾನಿ ಅಂತ ಅಧಿಕೃತವಾಯಿತು. ಒಂದು ಲೆಕ್ಕದಲ್ಲಿ ನಾವು ಉಳಿದಿದ್ದ ಊರು ಕಾಯಿಲೆಗೆ ಹೆದರಿ ಓಡಿದವರು ಬೆಳೆಸಿದ ಊರು.

ಮಧ್ಯಾಹ್ನ ಬಿಸಿಲು ಜೋರು. ಹಿಂತಿರುಗುವಾಗ ರಸ್ತೆ ಬದಿಯ ಒಂದು ಸಣ್ಣ ಅಂಗಡಿಯಲ್ಲಿ ತಿಸ್ರ್ಯೊ ಸುಕ್ಕೆ. ತಿಸ್ರ್ಯೊ ಅಂದರೆ ಚಿಪ್ಪುಮೀನು, ನಮ್ಮ ಕಡೆ ಬಳಚು ಅನ್ನುತ್ತೇವೆ. ಮಾವ ಬೇಡ ಅಂದರು. ನಾನು ಎರಡು ತಟ್ಟೆ ಹೊಡೆದೆ.

ಆ ರಾತ್ರಿ

ಹನ್ನೊಂದಕ್ಕೆ ಶುರುವಾಯಿತು. ಒಂದು ಗಂಟೆಗೆ ನಾನು ಬಚ್ಚಲು ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದೆ. ಎರಡು ಗಂಟೆಗೆ ಕಾಲಲ್ಲಿ ಸೆಳೆತ. ಹೃದಯದ ರೋಗಿ ಎದ್ದು ಹೋಗಿ ಆಂಟಿಯ ಬಾಗಿಲು ತಟ್ಟಿದರು.

ಆಂಟಿ ನೈಟಿಯ ಮೇಲೆ ಟವೆಲ್ ಹೊದ್ದು ಬಂದರು. ನಾಲಿಗೆ ಚಾಚು ಅಂದರು, ಕೈಯ ಚರ್ಮ ಎಳೆದು ಬಿಟ್ಟು ನೋಡಿದರು. "ಕೊನೇ ಸಲ ಮೂತ್ರ ಯಾವಾಗ?" ಅಂತ ಕೇಳಿದರು. ಆಮೇಲೆ ಗೊತ್ತಾಯಿತು, ಮೂವತ್ತು ವರ್ಷ ನರ್ಸ್ ಆಗಿದ್ದವರು. ಕಪಾಟಿನಲ್ಲಿ ಓಆರ್‌ಎಸ್ ಪೊಟ್ಟಣ ಸದಾ ಇಟ್ಟಿರುತ್ತಾರಂತೆ. "ಪ್ರವಾಸಿಗಳು ಸಮುದ್ರಕ್ಕಿಂತ ಊಟದಲ್ಲೇ ಜಾಸ್ತಿ ಮುಳುಗುವುದು" ಅಂದರು. ಐದು ನಿಮಿಷಕ್ಕೆ ಎರಡು ಚಮಚ, ಒಮ್ಮೆಗೇ ಕುಡಿಯಬಾರದು. ಕುರ್ಚಿ ಹಾಕಿಕೊಂಡು ಗಡಿಯಾರ ನೋಡುತ್ತ ತಾವೇ ಕುಡಿಸಿದರು. "ಬೆಳಗಾಗುವುದರೊಳಗೆ ಮೂತ್ರ ಆಗದಿದ್ದರೆ 108ಕ್ಕೆ ಫೋನ್ ಮಾಡುತ್ತೇನೆ" ಅಂತಲೂ ಹೇಳಿದರು. ನಾಲ್ಕೂವರೆಗೆ ಆಯಿತು. ನಾನು ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ಯಾರಿಗೂ ಏನನ್ನೂ ವರದಿ ಮಾಡಿಲ್ಲ.

ಬುಧವಾರ

ಎರಡು ಬೀದಿ ಆಚೆ ಒಬ್ಬರು ಹಿರಿಯ ಡಾಕ್ಟರ ಕ್ಲಿನಿಕ್. ಮಾವ ನನ್ನ ರಟ್ಟೆ ಹಿಡಿದುಕೊಂಡು ಕರೆದೊಯ್ದರು. ಡಾಕ್ಟರು ಹೊಟ್ಟೆ ಒತ್ತಿ, "ತಿಸ್ರ್ಯೊ?" ಅಂತ ಒಂದೇ ಮಾತು ಕೇಳಿದರು. ಹೌದು ಅಂದೆ. ಆಂಟಿಬಯಾಟಿಕ್ ಕೊಡಲಿಲ್ಲ. ಜ್ವರವಿಲ್ಲ, ರಕ್ತವಿಲ್ಲ, ಓಆರ್‌ಎಸ್ ಸಾಕು, ಸತುವಿನ ಮಾತ್ರೆ ಬೇಕಾದರೆ ತಗೋ ಅಂದರು.

ದಿನವಿಡೀ ಮಲಗಿದ್ದೆ. ಹಾಲಿನಂಥ ಬೆಳಕು, ಚಾವಣಿಯ ಫ್ಯಾನು. ಮಲಗಿದವನಿಗೆ ಬೇಡದ್ದೆಲ್ಲ ನೆನಪಾಗುತ್ತದೆ. 1543ರಲ್ಲಿ ಗೋವಾದಲ್ಲಿ ದೊಡ್ಡ ವಾಂತಿಭೇದಿ ಬಂದಿತ್ತು. ಜನ ಅದನ್ನು ಮೋಡ್ಶಿ ಅನ್ನುತ್ತಿದ್ದರು. ಪೋರ್ಚುಗೀಸರ ಬಾಯಲ್ಲಿ ಅದು ಮೊರ್ದೆಶಿಂ ಆಯಿತು. ಫ್ರೆಂಚರಿಗೆ ಅದು ತಮ್ಮ ಭಾಷೆಯ "ನಾಯಿ ಸಾವು" ಅನ್ನುವ ಮಾತಿನ ಹಾಗೆ ಕೇಳಿಸಿ ಹಾಗೇ ಬರೆದುಕೊಂಡರು. ಆಗಿನ ಮದ್ದು ಏನು ಗೊತ್ತಾ? ಕಾದ ಕಬ್ಬಿಣದಿಂದ ಹಿಮ್ಮಡಿಗೆ ಬರೆ. ಇನ್‌ಕ್ವಿಸಿಶನ್ ಜೈಲಿನಲ್ಲಿ ಕೂತೆದ್ದು ಬಂದ ಡೆಲ್ಲೋನ್ ಎಂಬ ಫ್ರೆಂಚ್ ವೈದ್ಯ ಕೂಡ ಅದು ಫಲ ಕೊಡುತ್ತದೆ ಅಂತ ನಂಬಿದ್ದ. ನಾನು ಕಾಲು ಹೊದಿಕೆಯೊಳಗೆ ಎಳೆದುಕೊಂಡೆ.

ಕಾಯಿಲೆ ಬಿದ್ದ ಪ್ರವಾಸಿ ಅಂದರೆ ಇನ್ನೊಬ್ಬ ಇದ್ದ, ರಿಚರ್ಡ್ ಬರ್ಟನ್. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವನು. 1847ರಲ್ಲಿ ಆರೋಗ್ಯ ಕೆಟ್ಟು ಊಟಿಗೆ ಹೊರಟವನು ದಾರಿಯಲ್ಲಿ ಗೋವಾ ನೋಡಿದ. ಅವನ ಪುಸ್ತಕದ ಹೆಸರಲ್ಲೇ ಆರು ತಿಂಗಳ ಸಿಕ್ ಲೀವ್ ಅಂತಿದೆ. ಓದಿದರೆ ರೋಗಿ ಅನ್ನಿಸುವುದಿಲ್ಲ, ಕಂಡವರನ್ನೆಲ್ಲ ಹಂಗಿಸುತ್ತ ಸಾಗುತ್ತಾನೆ. ಅವನಿಗೆ ನನ್ನ ಆಂಟಿ ಸಿಗಬೇಕಿತ್ತು.

ಒಂದು ಗಂಟೆಗೆ ಆಂಟಿ ತಟ್ಟೆ ತಂದರು. ಪೇಜ್. ಕುಚ್ಚಲಕ್ಕಿ ಗಂಜಿ ಸ್ವಾಮಿ, ನಮ್ಮ ಮನೆಯದೇ. ಪಕ್ಕದಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಒಂದೇ ಒಂದು ಚೂರು. "ನೆಕ್ಕು ಅಷ್ಟೆ, ತಿನ್ನಬೇಡ" ಅಂದರು. ಮಾವ ನನಗಿಂತ ಜಾಸ್ತಿ ಕುಡಿದರು. ಸಂಜೆ ಬಾಲ್ಕಾಂವಿನಲ್ಲಿ ಇಬ್ಬರೂ ಎದುರುಬದುರು ಕೂತು ಕೊಂಕಣಿಯಲ್ಲಿ ಅದೇನೇನೋ ಮಾತು. ಕಾರವಾರದ ಕೊಂಕಣಿಗೂ ಪಣಜಿಯದಕ್ಕೂ ಅಷ್ಟಿಷ್ಟು ಜಗಳ ಆಗುತ್ತಿತ್ತು, ಯಾವ ಮೀನಿಗೆ ಯಾವ ಹೆಸರು ಅಂತ. ನಾನು ಒಳಗಿನಿಂದಲೇ ಕೇಳುತ್ತಿದ್ದೆ. ಆ ಮೀನುಗಳ ಹೆಸರು ಕೂಡ ಆ ದಿನ ಬೇಡವಾಗಿತ್ತು.

ಗುರುವಾರ

ಕಾಲಲ್ಲಿ ಸ್ವಲ್ಪ ಬಲ ಬಂದಿತ್ತು. ಹೊರಡುವ ಮುಂಚೆ ಒಂದನ್ನಾದರೂ ನೋಡಬೇಕು ಅಂತ ಹಟ ಮಾಡಿ ಆದಿಲ್‌ಶಾಹನ ಅರಮನೆ ಪಕ್ಕದ ಪ್ರತಿಮೆಯ ಹತ್ತಿರ ಹೋದೆವು. ನಿಲುವಂಗಿ ತೊಟ್ಟ ಒಬ್ಬ ಪಾದ್ರಿ ಎರಡೂ ಕೈ ಚಾಚಿ ನಿಂತಿದ್ದಾನೆ, ಕೆಳಗೊಬ್ಬಳು ಹೆಂಗಸು ಹಿಂದಕ್ಕೆ ವಾಲುತ್ತಿದ್ದಾಳೆ. ಮೊದಲ ಸಲ ನೋಡಿದವರು ಕೊಲೆ ಅಂದುಕೊಳ್ಳಬೇಕು. ಇದು ಆಬೆ ಫಾರಿಯಾ. ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಸಂಮೋಹನದ ಪ್ರಯೋಗ ತೋರಿಸಿದವನು. ಸಂಮೋಹನ ಮಾಡುವವನ ಮೈಯಿಂದ ಯಾವ ಶಕ್ತಿಯೂ ಹರಿದು ಬರುವುದಿಲ್ಲ, ಆಗುವುದೆಲ್ಲ ಎದುರಿನವರ ಮನಸ್ಸಿನಲ್ಲೇ ಅಂತ ಹೇಳಿದ. ಆಗಿನ ಕಾಲಕ್ಕೆ ಅದು ದೊಡ್ಡ ಮಾತು.

ಅವನ ಬಗ್ಗೆ ಗೋವಾದಲ್ಲಿ ಒಂದು ಕಥೆ ಹೇಳುತ್ತಾರೆ. ಲಿಸ್ಬನ್ನಿನಲ್ಲಿ ರಾಣಿಯ ಮುಂದೆ ಪ್ರವಚನ ಮಾಡಲು ನಿಂತು ಮಾತು ಹೊರಡದೆ ನಡುಗಿದಾಗ, ಅಪ್ಪ ಪಕ್ಕದಿಂದ ಮೆತ್ತಗೆ ಕೊಂಕಣಿಯಲ್ಲಿ ಅಂದನಂತೆ, "ಹಿ ಸಗಳಿ ಭಾಜಿ, ಕಾತರ್ ರೇ ಭಾಜಿ." ಇವರೆಲ್ಲ ಬರೀ ತರಕಾರಿ, ಹೆಚ್ಚು ಕಣೋ ತರಕಾರಿ ಅಂತ. ಭಯ ಹೋಯಿತಂತೆ. ಮಾವ ಇದನ್ನು ಮೂರು ಸಲ ಹೇಳಿಸಿಕೊಂಡರು.

ಗೆಸ್ಟ್ ಹೌಸಿನ ಬಿಲ್ಲು ಕೈಬರಹದ್ದು. ನಾಲ್ಕು ರಾತ್ರಿಯ ಬಾಡಿಗೆ, ಬೆಳಗಿನ ತಿಂಡಿ, ಅಷ್ಟೆ. ಓಆರ್‌ಎಸ್ ಇಲ್ಲ, ಪೇಜ್ ಇಲ್ಲ, ರಾತ್ರಿ ಎರಡರಿಂದ ನಾಲ್ಕೂವರೆವರೆಗಿನ ಡ್ಯೂಟಿ ಇಲ್ಲ. ನಾನು ಜಾಸ್ತಿ ಹಣ ಇಟ್ಟಾಗ ಆಂಟಿ ಎಣಿಸಿ, ಉಳಿದದ್ದನ್ನು ವಾಪಸ್ ನನ್ನ ಜೇಬಿಗೇ ತುರುಕಿದರು. ಮಾವ "ದೇವ್ ಬೊರೆಂ ಕೊರುಂ", ದೇವರು ಒಳ್ಳೇದು ಮಾಡಲಿ ಅಂದರು, ಪಣಜಿಯ ಕೊಂಕಣಿಯಲ್ಲೇ. ಜಗಳದಲ್ಲಿ ಸೋತರು ಅಂತ ಅರ್ಥ.

ವಾಪಸ್ ಬರುವಾಗ ಕಾಣಕೋಣದ ಘಟ್ಟದಲ್ಲಿ ನನಗೆ ತಲೆ ಸುತ್ತಿತು. ಅಲ್ಲಿಂದ ಮಾವನೇ ಸ್ಟೀರಿಂಗ್ ಹಿಡಿದರು. ಕಾಳಿ ಸೇತುವೆ ದಾಟಿದ ಮೇಲೆ ಬದಿಗೆ ನಿಲ್ಲಿಸಿ ಅತ್ತೆಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು.

"ಹ್ಞಾಂ, ಕಾರವಾರಕ್ಕೆ ಬಂದ್ವಿ. ನನಗೇನಾಗಿದೆ, ನಾನು ಚೆನ್ನಾಗಿದ್ದೇನೆ. ಇವನಿಗೇ ಆರಾಮಿಲ್ಲ. ಗೋವಾಕ್ಕೆ ತೋರಿಸೋಕೆ ಕರ್ಕೊಂಡು ಹೋಗಿದ್ದೆ. ರಾತ್ರಿಗೆ ಸ್ವಲ್ಪ ಗಂಜಿ ಮಾಡಿಡು."